ಒಂದು ಹಳೆ ಲೆನ್ಸ್, ಐದು ಮನೆ: ಗೆಳೆಯರು ಸೇರಿ ಲೆನ್ಸ್ ಸುತ್ತಿಸುವುದು ಹೇಗೆ

ನಮ್ಮ ಮನೆಗೆ ವರ್ಷಕ್ಕೆ ಎರಡೋ ಮೂರೋ ಸಲ ಒಂದು ಪ್ಲಾಸ್ಟಿಕ್ ಡಬ್ಬಿ ಬರುತ್ತದೆ. ಒಳಗೆ ಒಂದು ಹಳೆ ಲೆನ್ಸ್, ಗಾಳಿ ಊದುವ ರಬ್ಬರ್ ಬ್ಲೋವರ್, ಸಿಲಿಕಾ ಜೆಲ್ ಪೊಟ್ಟಣ, ಜೊತೆಗೆ ಇನ್ನೂರು ಪುಟದ ಒಂದು ನೋಟ್‌ಬುಕ್. ನಾನು ಮೊದಲು ತೆರೆಯುವುದು ನೋಟ್‌ಬುಕ್ಕನ್ನು. ಹೋದ ಸಲ ನಾನು ಅಂಟಿಸಿದ್ದ ಫೋಟೊಗಳ ಕೆಳಗೆ ಈಗ ನಾಲ್ಕು ಜನರ ಕೈಬರಹ ಇರುತ್ತದೆ. ಅದನ್ನು ಓದಿ ಮುಗಿಸಿದ ಮೇಲೆಯೇ ಲೆನ್ಸ್ ಕೈಗೆ ಬರುವುದು.

ಈ ಒಂದು ಲೆನ್ಸನ್ನು ಸರದಿಯ ಮೇಲೆ ಬಳಸುವವರು ನಾವು ಐದು ಜನ. ಉಡುಪಿಯಲ್ಲಿ ಒಬ್ಬ ಗೆಳತಿ, ಶಿರಸಿಯಲ್ಲಿ ಅಡಿಕೆ ತೋಟ ಇರುವ ಗೆಳೆಯ, ಮೈಸೂರಿನ ಅಕ್ಕ, ಬಳ್ಳಾರಿಯಲ್ಲಿ ನಿವೃತ್ತ ಮೇಷ್ಟ್ರು, ಬೆಂಗಳೂರಿನಲ್ಲಿ ನಾನು. ಯಾರಿಗೂ ಫೋಟೊ ತೆಗೆಯುವುದು ಹೊಟ್ಟೆಪಾಡಲ್ಲ. ನಮ್ಮನ್ನು ಸೇರಿಸಿದ್ದು ಒಂದು ಪ್ರಶ್ನೆ. ನಾನು ತೆಗೆದ ಒಂದು ದಾಸವಾಳದ ಫೋಟೊ ನೋಡಿ ಮೈಸೂರಿನ ಅಕ್ಕ ಕೇಳಿದ್ದರು: "ಇದು ಯಾವ ಲೆನ್ಸ್? ಫೈಲಿನಲ್ಲಿ ಏನೂ ಬರೆದಿಲ್ಲವಲ್ಲ."

ಹೌದು, ಬರೆದಿರಲಿಲ್ಲ. ಕೈಯಲ್ಲೇ ತಿರುಗಿಸಿ ಫೋಕಸ್ ಮಾಡುವ ಹಳೆಯ ಮ್ಯಾನ್ಯುಯಲ್ ಲೆನ್ಸಿಗೂ ಈಗಿನ ಕ್ಯಾಮೆರಾಗೂ ಮಾತುಕತೆ ಇಲ್ಲ. ನಡುವೆ ವಿದ್ಯುತ್ ಸಂಪರ್ಕವೇ ಇಲ್ಲ. ಹಾಗಾಗಿ ಫೋಟೊ ಫೈಲಿನಲ್ಲಿ ಲೆನ್ಸಿನ ಹೆಸರು ಇರಬೇಕಾದ ಜಾಗ ಖಾಲಿ. ಅಪರ್ಚರ್, ಅಂದರೆ ಬೆಳಕು ಒಳಬರುವ ಕಂಡಿ ಎಷ್ಟು ತೆರೆದಿತ್ತು ಅನ್ನುವುದು, ಇರಬೇಕಾದ ಜಾಗವೂ ಖಾಲಿ. ಅದನ್ನು ತೆಗೆದವರೇ ನೆನಪಿಟ್ಟುಕೊಂಡು ಇನ್ನೊಬ್ಬರಿಗೆ ಹೇಳಬೇಕು. ಆ ಹೇಳುವ ಕೇಳುವ ಕೆಲಸದಿಂದಲೇ ನಮ್ಮ ಸ್ನೇಹ ಬೆಳೆಯಿತು. ನಿಮ್ಮಲ್ಲೂ ನಾಲ್ಕೈದು ಜನ ಸೇರಿ ಹೀಗೆ ಒಂದು ಲೆನ್ಸ್ ಸುತ್ತಿಸಬಹುದು. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಜನ, ಆಮೇಲೆ ಲೆನ್ಸ್

ನಾಲ್ಕರಿಂದ ಆರು ಜನ ಸಾಕು. ಮೂರಾದರೆ ಒಬ್ಬರು ಬಿಡುವಿಲ್ಲ ಅಂದ ತಕ್ಷಣ ಸುತ್ತು ನಿಲ್ಲುತ್ತದೆ. ಎಂಟಾದರೆ ನಿಮ್ಮ ಸರದಿ ಮತ್ತೆ ಬರುವಷ್ಟರಲ್ಲಿ ಹೋದ ಸಲ ಏನು ಕಲಿತಿರಿ ಅನ್ನುವುದೇ ಮರೆತಿರುತ್ತದೆ.

ಎಲ್ಲರೂ ಒಂದೇ ಊರಿನವರಾಗಬೇಕಿಲ್ಲ. ಬೇರೆ ಬೇರೆ ಊರಿನವರಾದರೆ ಒಳ್ಳೆಯದು ಅನ್ನುವುದು ನನ್ನ ಅನುಭವ. ಒಂದೇ ಲೆನ್ಸ್ ಉಡುಪಿಯ ಕಡಲ ಬೆಳಕಿನಲ್ಲಿ ಒಂದು ಥರ ಕಾಣುತ್ತದೆ, ಬಳ್ಳಾರಿಯ ಬಂಡೆಗಳ ಮಧ್ಯೆ ಬೇರೆಯದೇ ಥರ. ಎಲ್ಲರೂ ಒಂದೇ ಪಾರ್ಕಿನಲ್ಲಿ ತೆಗೆದರೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಯಾರನ್ನು ಸೇರಿಸಿಕೊಳ್ಳಬೇಕು? ಚೆನ್ನಾಗಿ ಫೋಟೊ ತೆಗೆಯುವವರನ್ನಲ್ಲ, ಬೇರೆಯವರ ಫೋಟೊವನ್ನು ಎರಡು ನಿಮಿಷ ಸುಮ್ಮನೆ ನೋಡುವವರನ್ನು. ನಮ್ಮ ಮೇಷ್ಟ್ರು ಸೇರಿದಾಗ ಅವರ ಹತ್ತಿರ ಇದ್ದದ್ದು ಮಗ ಬಿಟ್ಟುಹೋದ, ಒಳಗೆ ಕನ್ನಡಿ ಇರುವ ಥರದ ಒಂದು ಹಳೆ ಡಿಎಸ್‌ಎಲ್‌ಆರ್ ಮಾತ್ರ. ಅದರಲ್ಲಿ ತೆಗೆದದ್ದೂ ಕಡಿಮೆ. ಆದರೆ ಇವತ್ತು ನೋಟ್‌ಬುಕ್ಕಿನಲ್ಲಿ ಎಲ್ಲರೂ ಮೊದಲು ಹುಡುಕುವುದು ಅವರ ಅಕ್ಷರವನ್ನು.

ಶುರುವಿನಲ್ಲೇ ದುಡ್ಡಿನ ಮಾತು ಮುಗಿಸಿ. ಲೆನ್ಸಿನ ಬೆಲೆಯನ್ನು ಸಮ ಪಾಲು ಮಾಡಿ. ಅದರ ಮೇಲೆ ಒಬ್ಬೊಬ್ಬರು ಇನ್ನೊಂದು ಸ್ವಲ್ಪ ಹಾಕಿ ರಿಪೇರಿಗೆ ಅಂತ ಎತ್ತಿಡಿ. ಯಾರ ಕೈಯಲ್ಲಿ ಬಿದ್ದರೂ ಖರ್ಚು ಆ ಹಣದಿಂದಲೇ. ಯಾರೂ ಯಾರನ್ನೂ ಕೇಳುವ ಹಾಗಿಲ್ಲ. ಈ ಒಂದು ಮಾತು ಮೊದಲೇ ಆಗಿರದಿದ್ದರೆ ಎಲ್ಲರೂ ಲೆನ್ಸನ್ನು ಹೆದರಿ ಹೆದರಿ ಮುಟ್ಟುತ್ತಾರೆ. ಹೆದರಿ ಮುಟ್ಟಿದ ಲೆನ್ಸ್ ಕಪಾಟಿನಲ್ಲೇ ಉಳಿಯುತ್ತದೆ.

ಯಾವ ಲೆನ್ಸ್?

ಮೊದಲ ಸುತ್ತಿಗೆ ನಾನು ಹೇಳುವುದು ಹೀಲಿಯೋಸ್ 44-2. ಸೋವಿಯತ್ ಒಕ್ಕೂಟದಲ್ಲಿ ಝೆನಿಟ್ ಕ್ಯಾಮೆರಾಗಳ ಜೊತೆ ಬರುತ್ತಿದ್ದ ಲೆನ್ಸ್ ಇದು. ಫೋಕಲ್ ಲೆಂಥ್ (ನೋಟ ಎಷ್ಟು ಹತ್ತಿರ ಕಾಣುತ್ತದೆ ಅನ್ನುವ ಅಳತೆ) 58 ಮಿ.ಮೀ. ಅಪರ್ಚರ್ ಪೂರ್ತಿ ತೆರೆದಾಗ ಎಫ್/2; ಈ ಅಂಕಿ ದೊಡ್ಡದಾದಷ್ಟೂ ಕಂಡಿ ಚಿಕ್ಕದು. ಜರ್ಮನಿಯ ಯೇನಾ ಊರಿನ ಕಾರ್ಲ್ ಜೈಸ್ ಕಂಪನಿ 1930ರ ದಶಕದಲ್ಲಿ ಮಾಡಿದ ಬಯೋಟಾರ್ ಲೆನ್ಸಿನ ವಿನ್ಯಾಸವನ್ನೇ ಆಧಾರವಾಗಿಟ್ಟುಕೊಂಡು, ಎರಡನೇ ಮಹಾಯುದ್ಧದ ನಂತರ ಸೋವಿಯತ್ ಕಾರ್ಖಾನೆಗಳು ಇದನ್ನು ತಯಾರಿಸಿದವು. ತುಂಬ ದೊಡ್ಡ ಸಂಖ್ಯೆಯಲ್ಲಿ ತಯಾರಾಗಿದ್ದರಿಂದ ಇವತ್ತಿಗೂ ಸಿಗುತ್ತದೆ. ಲೋಹದ ಮೈ, ಗಟ್ಟಿ. ಸೀರಿಯಲ್ ನಂಬರಿನ ಮೊದಲ ಎರಡು ಅಂಕಿ ಸಾಮಾನ್ಯವಾಗಿ ತಯಾರಾದ ವರ್ಷ ಹೇಳುತ್ತವೆ. ನಮ್ಮದು 79ರಿಂದ ಶುರುವಾಗುತ್ತದೆ. ಉಡುಪಿಯ ಗೆಳತಿ ಹುಟ್ಟಿದ್ದೂ 1979ರಲ್ಲೇ. ಡಬ್ಬಿಯ ಮುಚ್ಚಳದ ಮೇಲೆ ಅವಳ ಹುಟ್ಟುಹಬ್ಬದ ತಾರೀಕು ಬರೆದಿದ್ದೇವೆ.

ಈ ಲೆನ್ಸಿನಲ್ಲಿ ಹಿನ್ನೆಲೆ ಸುಳಿಯ ಹಾಗೆ ತಿರುಗಿದಂತೆ ಕಾಣುತ್ತದೆ. ಅದಕ್ಕೇ ಇದು ಇಷ್ಟು ಹೆಸರುವಾಸಿ. ಕಾರಣ ತಿಳಿದುಕೊಂಡಿರುವುದು ಒಳ್ಳೆಯದು. ಪೂರ್ತಿ ತೆರೆದಾಗ, ಓರೆಯಾಗಿ ಬರುವ ಬೆಳಕಿನ ಸ್ವಲ್ಪ ಭಾಗವನ್ನು ಲೆನ್ಸಿನ ಅಂಚುಗಳೇ ತಡೆಯುತ್ತವೆ. ಹಾಗಾಗಿ ಚಿತ್ರದ ಮಧ್ಯದಲ್ಲಿ ದುಂಡಗೆ ಕಾಣುವ ಬೆಳಕಿನ ಚುಕ್ಕಿ ಮೂಲೆಗೆ ಹೋದಂತೆ ನಿಂಬೆಹಣ್ಣಿನ ಆಕಾರಕ್ಕೆ ಬರುತ್ತದೆ. ಆ ನಿಂಬೆಹಣ್ಣುಗಳೆಲ್ಲ ಮಧ್ಯದ ಸುತ್ತ ವೃತ್ತದಲ್ಲಿ ನಿಲ್ಲುತ್ತವೆ. ಅದಕ್ಕೆ ಸುಳಿ ಕಾಣುವುದು.

ಇನ್ನು ಮೌಂಟ್, ಅಂದರೆ ಲೆನ್ಸ್ ಕ್ಯಾಮೆರಾಗೆ ಕೂರುವ ಜೋಡಣೆಯ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಜಾಸ್ತಿ ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಹೀಲಿಯೋಸ್ 44-2 ಎಂ42 ಅನ್ನುವ ತಿರುಪಿನ ಮೌಂಟಿನದು. ಬಾಟಲಿಗೆ ಮುಚ್ಚಳ ತಿರುಗಿಸಿದ ಹಾಗೆ ತಿರುಗಿಸಿ ಕೂರಿಸುವುದು. 42 ಮಿ.ಮೀ. ಅಗಲ. ಲೆನ್ಸ್ ಕೂರುವ ಜಾಗದಿಂದ ಚಿತ್ರ ಮೂಡುವ ಸೆನ್ಸರಿಗೆ 45.46 ಮಿ.ಮೀ. ದೂರ ಬೇಕು. ನಿಮ್ಮ ಕ್ಯಾಮೆರಾದಲ್ಲಿ ಆ ದೂರ ಇದಕ್ಕಿಂತ ಕಡಿಮೆ ಇದ್ದರೆ, ಉಳಿದ ದೂರವನ್ನು ನಡುವೆ ಹಾಕುವ ರಿಂಗ್, ಅಂದರೆ ಅಡಾಪ್ಟರ್, ತುಂಬುತ್ತದೆ. ಸೋನಿ ಇ ಮೌಂಟಿನಲ್ಲಿ 18, ಫ್ಯೂಜಿ ಎಕ್ಸ್‌ನಲ್ಲಿ 17.7, ಕ್ಯಾನನ್ ಆರ್‌ಎಫ್‌ನಲ್ಲಿ 20, ನಿಕಾನ್ ಝಡ್‌ನಲ್ಲಿ 16 ಮಿ.ಮೀ. ಎಲ್ಲದರಲ್ಲೂ ಬೇಕಾದಷ್ಟು ಜಾಗ ಇದೆ. ಕ್ಯಾನನ್‌ನ ಡಿಎಸ್‌ಎಲ್‌ಆರ್‌ಗಳಲ್ಲಿ 44. ತೆಳ್ಳಗಿನ ಒಂದು ರಿಂಗ್ ಸಾಕು.

ನಿಕಾನ್ ಡಿಎಸ್‌ಎಲ್‌ಆರ್ ಇರುವವರಿಗೆ ಮಾತ್ರ ತೊಂದರೆ. ಅದರಲ್ಲಿ ದೂರ 46.5. ಆಗಲೇ ಒಂದು ಮಿ.ಮೀ. ಜಾಸ್ತಿ. ಬರೀ ರಿಂಗ್ ಹಾಕಿದರೆ ಹತ್ತಿರದ ಹೂವು ತೆಗೆಯಬಹುದು, ದೂರದ ಬೆಟ್ಟಕ್ಕೆ ಫೋಕಸ್ ಸಿಗುವುದಿಲ್ಲ. ಒಳಗೆ ಗಾಜು ಇರುವ ಅಡಾಪ್ಟರ್ ಬರುತ್ತದೆ. ಬೆಟ್ಟಕ್ಕೆ ಫೋಕಸ್ ಸಿಗುತ್ತದೆ ನಿಜ, ಆದರೆ ಅಗ್ಗದ ಗಾಜು ಚಿತ್ರವನ್ನು ಮಂಕು ಮಾಡುತ್ತದೆ. ನಿಮ್ಮ ಗುಂಪಿನಲ್ಲಿ ನಿಕಾನ್ ಡಿಎಸ್‌ಎಲ್‌ಆರ್‌ಗಳೇ ಜಾಸ್ತಿ ಇದ್ದರೆ ಹೀಲಿಯೋಸ್ ಬಿಡಿ. ನಿಕಾನ್‌ನದೇ ಹಳೆಯ 50 ಮಿ.ಮೀ. ಎಫ್/1.8 ಎಐ-ಎಸ್ ಲೆನ್ಸ್ ತಗೊಳ್ಳಿ. ಅದು ನೇರವಾಗಿ ಕೂರುತ್ತದೆ. ಸುಳಿ ಸಿಗುವುದಿಲ್ಲ ಅಷ್ಟೇ.

ಅಡಾಪ್ಟರ್ ಅವರವರೇ ಕೊಳ್ಳಲಿ. ಡಬ್ಬಿಯಲ್ಲಿ ಲೆನ್ಸ್ ಮಾತ್ರ ಸುತ್ತಲಿ.

ಕೊಳ್ಳುವ ಮೊದಲು ಟಾರ್ಚ್ ಹಿಡಿಯಿರಿ

ಮೊದಲು ಮನೆಯ ಕಪಾಟು ನೋಡಿ. ಆಮೇಲೆ ನಿಮ್ಮ ಊರಿನಲ್ಲಿ ಸ್ಟುಡಿಯೋ ನಡೆಸಿ ಈಗ ಮುಚ್ಚಿದವರನ್ನು ಕೇಳಿ. ಪೆಂಟಾಕ್ಸ್ ಕೆ1000, ಯಾಶಿಕಾ ಎಫ್‌ಎಕ್ಸ್-3 ಥರದ ರೀಲು ಕ್ಯಾಮೆರಾಗಳು ಅಂಥವರ ಟ್ರಂಕಿನಲ್ಲಿ ಲೆನ್ಸ್ ಸಮೇತ ಮಲಗಿರುತ್ತವೆ. ಅವರ ಹತ್ತಿರ ಕೊಂಡರೆ ಲೆನ್ಸಿನ ಜೊತೆ ಅದರ ಕಥೆಯೂ ಸಿಗುತ್ತದೆ. ಯಾರ ಮದುವೆ ತೆಗೆದದ್ದು, ಯಾವ ಜಾತ್ರೆಗೆ ಹೋಗಿದ್ದು ಎಲ್ಲವನ್ನೂ ಹೇಳುತ್ತಾರೆ. ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ.

ಕೈಗೆ ಬಂದ ಲೆನ್ಸನ್ನು ಪರೀಕ್ಷಿಸಲು ಮೊಬೈಲ್ ಟಾರ್ಚ್ ಸಾಕು. ಅಪರ್ಚರ್ ಪೂರ್ತಿ ತೆರೆಯಿರಿ. ಹಿಂದಿನಿಂದ ಟಾರ್ಚ್ ಹಿಡಿದು ಮುಂದಿನಿಂದ ನೋಡಿ, ಆಮೇಲೆ ಮುಂದಿನಿಂದ ಹಿಡಿದು ಹಿಂದಿನಿಂದ ನೋಡಿ. ಜೇಡರ ಬಲೆಯ ಹಾಗೆ ಸಣ್ಣ ಎಳೆ ಹರಡಿದ್ದರೆ ಅದು ಫಂಗಸ್. ಬೇಡ ಅನ್ನಿ. ಗಾಜಿನ ಒಳಗೆ ಒಂದೇ ಸಮ ಹಾಲಿನಂಥ ಮಬ್ಬು ಇದ್ದರೂ ಬೇಡ. ನಾಲ್ಕೈದು ಧೂಳಿನ ಕಣ ಇದ್ದರೆ ಚಿಂತೆ ಇಲ್ಲ. ಮುಂದಿನ ಗಾಜಿನ ಮೇಲೆ ಒಂದು ಸಣ್ಣ ಗೀರು ಇದ್ದರೂ ಚಿತ್ರದಲ್ಲಿ ಕಾಣುವುದು ಅಪರೂಪ.

ಫೋಕಸ್ ರಿಂಗ್ ಈ ತುದಿಯಿಂದ ಆ ತುದಿಗೆ ತಿರುಗಿಸಿ. ಬಿಗಿಯಾಗಿದ್ದರೆ ಒಳಗಿನ ಗ್ರೀಸ್ ಒಣಗಿದೆ. ಅದನ್ನು ಸರಿ ಮಾಡಿಸಬಹುದು. ತಿರುಗಿಸುವಾಗ ಮರಳು ಉಜ್ಜಿದ ಸದ್ದು ಬಂದರೆ ಬಿಟ್ಟುಬಿಡಿ. ತಿರುಪಿನ ಸುತ್ತುಗಳು ಸವೆದಿಲ್ಲ ಅಂತ ಬೆರಳಿನಲ್ಲಿ ಸವರಿ ನೋಡಿ.

ಕ್ಯಾಮೆರಾಗೆ ಹಾಕುವುದು

ಹಲವು ಕ್ಯಾಮೆರಾಗಳ ಮೆನುವಿನಲ್ಲಿ "ಲೆನ್ಸ್ ಇಲ್ಲದೆ ಶಟರ್" ಅನ್ನುವ ಅರ್ಥದ ಒಂದು ಆಯ್ಕೆ ಇರುತ್ತದೆ. ಅದನ್ನು ಆನ್ ಮಾಡಿ. ಇಲ್ಲದಿದ್ದರೆ ಕ್ಯಾಮೆರಾ ಲೆನ್ಸೇ ಇಲ್ಲ ಅಂದುಕೊಂಡು ಕ್ಲಿಕ್ ಆಗುವುದಿಲ್ಲ. ನಮ್ಮಲ್ಲಿ ಮೂವರು ಮೊದಲ ದಿನ ಇದೇ ಕಾರಣಕ್ಕೆ ಫೋನ್ ಮಾಡಿದ್ದರು. ಕ್ಯಾಮೆರಾದ ಒಳಗೇ ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೆ ಅದಕ್ಕೆ ಫೋಕಲ್ ಲೆಂಥ್ 58 ಅಂತ ನೀವೇ ತಿಳಿಸಿ. ಆಮೇಲೆ ಅಪರ್ಚರ್ ಪ್ರಯಾರಿಟಿ ಮೋಡಿಗೆ ಇಟ್ಟರೆ ಬೆಳಕಿನ ಲೆಕ್ಕ ಕ್ಯಾಮೆರಾ ನೋಡಿಕೊಳ್ಳುತ್ತದೆ.

ಹೀಲಿಯೋಸ್ 44-2ರಲ್ಲಿ ಅಪರ್ಚರಿಗೆ ಎರಡು ರಿಂಗ್. ಒಂದು ಕ್ಲಿಕ್ ಕ್ಲಿಕ್ ಅನ್ನುತ್ತದೆ, ಇನ್ನೊಂದು ನುಣುಪಾಗಿ ತಿರುಗುತ್ತದೆ. ಕ್ಲಿಕ್ ರಿಂಗನ್ನು 4ಕ್ಕೆ ಇಡಿ ಅಂದುಕೊಳ್ಳಿ. ನುಣುಪು ರಿಂಗ್ ತಿರುಗಿಸಿ ಪೂರ್ತಿ ತೆರೆದು, ಬೆಳಕು ಚೆನ್ನಾಗಿರುವಾಗ ಫೋಕಸ್ ಮಾಡಿ. ಮತ್ತೆ ಅದೇ ರಿಂಗನ್ನು ಹಿಂದಕ್ಕೆ ತಿರುಗಿಸಿದರೆ ಸರಿಯಾಗಿ 4ಕ್ಕೆ ಬಂದು ನಿಲ್ಲುತ್ತದೆ. ಕಣ್ಣು ತೆಗೆಯದೆ ಮಾಡಬಹುದು.

ಒಂದು ಎಚ್ಚರಿಕೆ. ರೀಲಿನ ಒಂದು ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್ ಇರುವ ಕೆಲವು ಫುಲ್‌ಫ್ರೇಮ್ ಡಿಎಸ್‌ಎಲ್‌ಆರ್‌ಗಳಲ್ಲಿ ದೂರಕ್ಕೆ ಫೋಕಸ್ ತಿರುಗಿಸಿದಾಗ ಲೆನ್ಸಿನ ಹಿಂಬದಿ ಕ್ಯಾಮೆರಾದ ಕನ್ನಡಿಗೆ ತಾಗುತ್ತದೆ. ಅಂಥ ಕ್ಯಾಮೆರಾ ಇರುವವರು ಲೈವ್ ವ್ಯೂ (ಹಿಂಬದಿಯ ಪರದೆಯಲ್ಲಿ ನೋಡುವ ವ್ಯವಸ್ಥೆ) ಆನ್ ಮಾಡಿ ಕನ್ನಡಿ ಮೇಲಿರುವಾಗಲೇ ದೂರದ ಫೋಕಸ್ ಮಾಡಿ, ಮತ್ತೆ ಹತ್ತಿರಕ್ಕೆ ತಂದು ಆಫ್ ಮಾಡಿ.

ಮೊದಲ ವಾರ ಒಂದೇ ಗಿಡ

ಡಬ್ಬಿ ಬಂದ ಖುಷಿಯಲ್ಲಿ ಊರೆಲ್ಲ ಸುತ್ತಬೇಡಿ. ಮನೆ ಹತ್ತಿರ ಒಂದು ಗಿಡವನ್ನೋ ಮರವನ್ನೋ ಆರಿಸಿಕೊಳ್ಳಿ. ವಾರವಿಡೀ ಅದನ್ನೇ ತೆಗೆಯಿರಿ.

ಯಾಕೆ ಅಂದರೆ, ಕೈ ಪಳಗಬೇಕು. ಒಂದು ಮೀಟರ್ ದೂರದಲ್ಲಿ ಎಫ್/2ರಲ್ಲಿ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಬರುವ ಭಾಗ ಸುಮಾರು ಮೂರೂವರೆ ಸೆಂಟಿಮೀಟರ್ ಮಾತ್ರ. ಮೂಗಿನ ತುದಿಗೆ ಫೋಕಸ್ ಆದರೆ ಕಣ್ಣು ಮಸುಕಾಗಬಹುದು. ಈ ಲೆನ್ಸಿನ ಅತಿ ಹತ್ತಿರದ ದೂರ ಅರ್ಧ ಮೀಟರ್. ಅಲ್ಲಿ ಸ್ಪಷ್ಟವಾಗುವ ಭಾಗ ಒಂದು ಸೆಂಟಿಮೀಟರಿಗಿಂತ ಕಡಿಮೆ. ನೀವು ಉಸಿರಾಡಿದರೂ ಫೋಕಸ್ ಜಾರುತ್ತದೆ.

ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಫೋಕಸ್ ಪೀಕಿಂಗ್ ಇರುತ್ತದೆ. ಸ್ಪಷ್ಟವಾದ ಅಂಚುಗಳು ಕೆಂಪಗೋ ಹಳದಿಯೋ ಹೊಳೆಯುತ್ತವೆ. ಅದು ಜಾಗ ಹುಡುಕಲು ಮಾತ್ರ. ನಂಬಿ ಕ್ಲಿಕ್ ಮಾಡಬೇಡಿ, ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ. ಚಿತ್ರವನ್ನು ದೊಡ್ಡದು ಮಾಡಿ ನೋಡುವ ಬಟನ್ ಒತ್ತಿ ಖಚಿತ ಮಾಡಿಕೊಳ್ಳಿ. ತುಂಬ ಹತ್ತಿರದಲ್ಲಿ ರಿಂಗ್ ತಿರುಗಿಸುವುದು ಬಿಡಿ. ರಿಂಗನ್ನು ಒಂದು ಕಡೆ ಇಟ್ಟು ನೀವೇ ಕೂದಲೆಳೆಯಷ್ಟು ಮುಂದೆ ಹಿಂದೆ ವಾಲಿ. ಸ್ಪಷ್ಟ ಕಂಡಾಗ ಕ್ಲಿಕ್ ಮಾಡಿ. ಮೂರು ಸಲ ತೆಗೆಯಿರಿ, ಒಂದು ಉಳಿಯುತ್ತದೆ.

ಬೆಂಗಳೂರಿನವರೇ ಆದ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ತಲೆಮಾರು ಕೈಯಲ್ಲೇ ಫೋಕಸ್ ಮಾಡಿ ಕಾಡುಪ್ರಾಣಿ, ಹಕ್ಕಿಗಳ ಚಿತ್ರ ತೆಗೆದದ್ದು. ತೆಗೆದ ಚಿತ್ರ ಹೇಗೆ ಬಂದಿದೆ ಅಂತ ರೀಲು ತೊಳೆಯುವ ತನಕ ಗೊತ್ತಾಗುತ್ತಿರಲಿಲ್ಲ. ನನಗೆ ಒಂದು ದಾಸವಾಳಕ್ಕೆ ಫೋಕಸ್ ಸಿಗದೆ ಬೇಸರವಾದಾಗ ಅವರನ್ನು ನೆನೆಯುತ್ತೇನೆ. ಮತ್ತೆ ಕೂತು ತೆಗೆಯುತ್ತೇನೆ.

ಸುಳಿ ಬೇಕಾದರೆ ಹೀಗೆ ಮಾಡಿ. ಅಪರ್ಚರ್ 2ರಲ್ಲಿ ಇರಲಿ. ತೆಗೆಯುವ ವಸ್ತು ಒಂದೆರಡು ಮೀಟರ್ ದೂರದಲ್ಲಿ, ಚಿತ್ರದ ಮಧ್ಯದಲ್ಲಿ ಇರಲಿ. ಅದರ ಹಿಂದೆ ಇನ್ನೊಂದಿಷ್ಟು ಮೀಟರ್ ಬಿಟ್ಟು ಎಲೆಗಳ ಸಂದಿಯಿಂದ ಬೆಳಕು ತೂರಿ ಬರುವ ಮರಗಳಿರಲಿ. ಗೋಡೆ ಇದ್ದರೆ ಸುಳಿ ಕಾಣುವುದಿಲ್ಲ. ಶಿರಸಿಯ ಗೆಳೆಯನ ಅಡಿಕೆ ತೋಟ ಇದಕ್ಕೆಂದೇ ಮಾಡಿದ ಹಾಗಿದೆ. ಸೋಗೆಗಳ ನಡುವೆ ಬೆಳಗಿನ ಬಿಸಿಲು ನೂರು ತುಂಡಾಗಿ ಬೀಳುತ್ತದೆ. ಎಪಿಎಸ್-ಸಿ ಅನ್ನುವ ಸಣ್ಣ ಸೆನ್ಸರಿನ ಕ್ಯಾಮೆರಾ ಇರುವವರಿಗೆ ಸುಳಿ ಕಡಿಮೆ, ಯಾಕೆಂದರೆ ಮೂಲೆಗಳು ಚಿತ್ರದಿಂದ ಆಚೆ ಉಳಿಯುತ್ತವೆ. ಅಂಥವರಿಗೆ ಇದು ಸುಮಾರು 87 ಮಿ.ಮೀ. ಲೆನ್ಸಿನ ಹಾಗೆ ಕೆಲಸ ಮಾಡುತ್ತದೆ. ಮುಖಗಳನ್ನು ತೆಗೆಯಲು ಬಹಳ ಚೆಂದ.

ನೋಟ್‌ಬುಕ್

ಫೈಲಿನಲ್ಲಿ ಖಾಲಿ ಉಳಿದ ಜಾಗವನ್ನು ತುಂಬುವುದು ಇಲ್ಲೇ. ಪ್ರತಿ ಫೋಟೊಗೆ ನಾಲ್ಕು ಸಾಲು ಬರೆಯಿರಿ: ದಿನ ಮತ್ತು ಹೊತ್ತು, ಅಪರ್ಚರ್, ಸುಮಾರು ದೂರ, ಬೆಳಕು ಯಾವ ಕಡೆಯಿಂದ ಬಂತು. ಐದನೇ ಸಾಲು ಮುಖ್ಯ. ಏನು ಮಾಡಬೇಕು ಅಂತ ಹೊರಟಿದ್ದಿರಿ, ಏನಾಯಿತು.

ಅಪರ್ಚರ್ ನೆನಪಿರುವುದಿಲ್ಲ ಅಲ್ವಾ? ಅದಕ್ಕೆ ಮೈಸೂರಿನ ಅಕ್ಕ ಒಂದು ಉಪಾಯ ಹೇಳಿಕೊಟ್ಟರು. ಅಪರ್ಚರ್ ಬದಲಿಸಿದಾಗಲೆಲ್ಲ ನಿಮ್ಮ ಕೈಯನ್ನೇ ಒಂದು ಫೋಟೊ ತೆಗೆಯಿರಿ. ಎರಡು ಬೆರಳು ಅಂದರೆ 2, ನಾಲ್ಕು ಬೆರಳು ಅಂದರೆ 4, ಮುಷ್ಟಿ ಅಂದರೆ 8. ಕಂಪ್ಯೂಟರಿಗೆ ಹಾಕಿದಾಗ ಆ ಕೈಯಿಂದ ಮುಂದಿನ ಕೈವರೆಗೆ ಅದೇ ಅಪರ್ಚರ್. ಬೆರಳು ಮಸುಕಾಗಿದ್ದರೂ ಎಣಿಸಬಹುದು.

ಮನೆಗೆ ಬಂದ ದಿನವೇ ಬರೆಯಿರಿ. ಮಾರನೇ ದಿನಕ್ಕೆ ದೂರ ಮರೆತಿರುತ್ತದೆ, ಬೆಳಕು ಮರೆತಿರುತ್ತದೆ.

ತಿಂಗಳಿಗೆ ಆರೇ ಫೋಟೊ

ಬ್ರಿಟನ್ನಿನಲ್ಲಿ ಹವ್ಯಾಸಿಗಳು ಅಂಚೆಯಲ್ಲಿ ಫೋಟೊ ಪೆಟ್ಟಿಗೆ ಸುತ್ತಿಸುವ ಹಳೆಯ ಪದ್ಧತಿ ಒಂದಿದೆ. ಪೆಟ್ಟಿಗೆ ಬಂದಾಗ ಬೇರೆಯವರ ಪ್ರಿಂಟುಗಳನ್ನು ನೋಡಿ ಅಭಿಪ್ರಾಯ ಬರೆಯಬೇಕು. ತಮ್ಮ ಹಳೆ ಪ್ರಿಂಟ್ ತೆಗೆದುಕೊಂಡು ಹೊಸದು ಇಟ್ಟು ಮುಂದಿನವರಿಗೆ ಕಳಿಸಬೇಕು. ನಾವು ಅದರ ಜೊತೆ ಲೆನ್ಸನ್ನೂ ಸೇರಿಸಿದೆವು, ಅಷ್ಟೇ.

ನಮ್ಮ ಲೆಕ್ಕ ಹೀಗೆ. ಒಬ್ಬೊಬ್ಬರ ಹತ್ತಿರ ಒಂದು ತಿಂಗಳು. ತಿಂಗಳ ಕೊನೆಗೆ ಆರು ಫೋಟೊ ಆರಿಸಿ, ಊರಿನ ಸ್ಟುಡಿಯೋದಲ್ಲಿ ನಾಲ್ಕು ಇಂಚು ಆರು ಇಂಚಿನ ಪ್ರಿಂಟ್ ಹಾಕಿಸಿ ನೋಟ್‌ಬುಕ್ಕಿಗೆ ಅಂಟಿಸಬೇಕು. ಪಕ್ಕದ ಪುಟ ಖಾಲಿ ಬಿಡಬೇಕು, ಬೇರೆಯವರು ಬರೆಯಲು. ಆರರಲ್ಲಿ ಒಂದು ಕೆಟ್ಟುಹೋದ ಫೋಟೊ ಆಗಿರಲೇಬೇಕು. ಈ ನಿಯಮ ಮೇಷ್ಟ್ರದ್ದು. "ಸರಿ ಬಂದದ್ದನ್ನು ಹೊಗಳೋದು ಸುಲಭ, ತಪ್ಪಿದ್ದನ್ನು ಕೂಡಿ ನೋಡೋಣ" ಅಂದರು. ಈಗ ನಾವೆಲ್ಲ ಆ ಫೋಟೊಗಳ ಪುಟವನ್ನೇ ಜಾಸ್ತಿ ಹೊತ್ತು ನೋಡುತ್ತೇವೆ. ಗಾಳಿಗೆ ಅಲುಗಿದ ಹೂವು, ಎದುರು ಬಿಸಿಲಿಗೆ ಬೆಳ್ಳಗೆ ತೊಳೆದುಹೋದ ಮುಖ. ಹಳೆ ಲೆನ್ಸಿನ ಲೇಪನ ಈಗಿನವುಗಳಷ್ಟು ಒಳ್ಳೆಯದಲ್ಲ, ಎದುರು ಬೆಳಕು ಬಿದ್ದರೆ ಚಿತ್ರ ಮಂಕಾಗುತ್ತದೆ. ಅಂಗೈ ಅಡ್ಡ ಹಿಡಿದರೆ ಅರ್ಧ ಸರಿಯಾಗುತ್ತದೆ. ಇದನ್ನು ನಮಗೆ ಕಲಿಸಿದ್ದು ಉಡುಪಿಯ ಗೆಳತಿಯ ಒಂದು ಕೆಟ್ಟ ಫೋಟೊ.

ಮೊಬೈಲಿನಲ್ಲಿ ಕಳಿಸಬಾರದಾ ಅಂತ ನೀವು ಕೇಳಬಹುದು. ಕಳಿಸಿ. ಆದರೆ ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಅದು ಚಿತ್ರವನ್ನು ಹಿಂಡಿ ಸಣ್ಣದು ಮಾಡುತ್ತದೆ. ಹಿನ್ನೆಲೆಯ ಮೃದುತನ ನೋಡಲೆಂದೇ ತೆಗೆದ ಚಿತ್ರದಲ್ಲಿ ಅದೇ ಹಾಳಾಗುತ್ತದೆ.

ಜನರ ಫೋಟೊ ತೆಗೆದರೆ ಕೇಳಿ ತೆಗೆಯಿರಿ, ಮತ್ತೆ ಹೋಗಿ ಪ್ರಿಂಟ್ ಕೊಟ್ಟು ಬನ್ನಿ. ಮೈಸೂರಿನ ಅಕ್ಕ ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಕಟ್ಟುವ ಒಬ್ಬರ ಕೈಗಳನ್ನು ತೆಗೆದಿದ್ದರು. ಪ್ರಿಂಟ್ ಕೊಟ್ಟಾಗ ಅವರು "ನನ್ನ ಕೈ ಹಿಂಗಿದ್ಯಾ?" ಅಂತ ತುಂಬ ಹೊತ್ತು ನೋಡಿದರಂತೆ. ಮಾರನೇ ತಿಂಗಳು ಅವರೇ ಮುಖ ತೆಗೆಯಿರಿ ಅಂದರು. ಹಳೆ ಲೆನ್ಸಿನಲ್ಲಿ ಬೇಗ ತೆಗೆದು ಹೋಗಲು ಆಗುವುದಿಲ್ಲ. ಫೋಕಸ್ ಹುಡುಕುತ್ತಾ ನಿಂತಿರುತ್ತೀರಿ, ಅಷ್ಟರಲ್ಲಿ ನಾಲ್ಕು ಮಾತು ಆಗಿರುತ್ತದೆ.

ಫೋಟೊ ಕೆಳಗೆ ಏನು ಬರೆಯಬೇಕು

ಇದು ಎಲ್ಲಕ್ಕಿಂತ ಕಷ್ಟದ ಹಂತ. ಲೆನ್ಸ್ ಹಾಳಾದರೆ ಸರಿ ಮಾಡಿಸಬಹುದು. ಇಲ್ಲಿ ಎಡವಿದರೆ ಗುಂಪೇ ಒಡೆಯುತ್ತದೆ.

"ಸೂಪರ್", "ಚೆನ್ನಾಗಿದೆ" ಅಂತ ಮಾತ್ರ ಬರೆಯುವುದು ನಮ್ಮಲ್ಲಿ ಇಲ್ಲ. ಹಾಗೆ ಬರೆದರೆ ತೆಗೆದವರಿಗೆ ಏನೂ ಸಿಗುವುದಿಲ್ಲ. ಮೂರು ಹೆಜ್ಜೆ ಇಟ್ಟುಕೊಂಡಿದ್ದೇವೆ. ಮೊದಲು, ನಿಮಗೆ ಏನು ಕಾಣಿಸಿತು ಅಂತ ಬರೆಯಿರಿ. "ಮೊದಲು ಕಿಟಕಿ ನೋಡಿದೆ, ಆಮೇಲೆ ಅಜ್ಜಿ ಕಂಡರು" ಅನ್ನುವ ಹಾಗೆ. ಎರಡನೆಯದು, ಒಂದು ಪ್ರಶ್ನೆ ಕೇಳಿ. "ಎಫ್/2 ಯಾಕೆ, 4 ಆಗಿದ್ದರೆ?" ಮೂರನೆಯದು, ತೆಗೆದವರು ಪುಟದ ಮೂಲೆಯಲ್ಲಿ "ಹೇಳಿ" ಅಂತ ಬರೆದಿದ್ದರೆ ಮಾತ್ರ ಸಲಹೆ ಕೊಡಿ. ಬರೆದಿಲ್ಲದಿದ್ದರೆ ಕೊಡಬೇಡಿ.

ಈ ಮೂರನೆಯದು ನನ್ನ ತಪ್ಪಿನಿಂದ ಬಂದದ್ದು. ಎರಡನೇ ಸುತ್ತಿನಲ್ಲಿ ಉಡುಪಿಯ ಗೆಳತಿ ತನ್ನ ಅಜ್ಜಿ ಜಗಲಿಯಲ್ಲಿ ಕೂತ ಫೋಟೊ ಅಂಟಿಸಿದ್ದಳು. ನಾನು ಕೆಳಗೆ ಉದ್ದಕ್ಕೆ ಬರೆದೆ. ಫೋಕಸ್ ಕಿವಿಗೆ ಬಿದ್ದಿದೆ, ಎಡಗಡೆ ಕತ್ತರಿಸಬೇಕು ಅಂತೆಲ್ಲ. ಬರೆದದ್ದೆಲ್ಲ ಸರಿಯೇ ಇತ್ತು. ಆದರೆ ಅಜ್ಜಿ ಆ ತಿಂಗಳೇ ತೀರಿಕೊಂಡಿದ್ದರು. ಅದು ಅವರ ಕೊನೆಯ ಫೋಟೊ. ಅವಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಮುಂದಿನ ಸಲ ನೋಟ್‌ಬುಕ್ ಬಂದಾಗ ಅವಳ ಆರು ಫೋಟೊ ಇರಲಿಲ್ಲ. ಫೋನ್ ಮಾಡಿದಾಗ ವಿಷಯ ಗೊತ್ತಾಯಿತು. ನಾನು ಅದೇ ಪುಟದಲ್ಲಿ ನನ್ನ ಬರಹದ ಕೆಳಗೆ ಕ್ಷಮೆ ಕೇಳಿ ಬರೆದೆ. ಅದರ ಕೆಳಗೆ ಮೇಷ್ಟ್ರು ಒಂದು ಸಾಲು ಸೇರಿಸಿದರು: "ಕಿವಿಗೆ ಫೋಕಸ್ ಬಿದ್ದದ್ದು ಒಳ್ಳೆಯದೇ ಆಯಿತಮ್ಮ, ಓಲೆ ಕಾಣ್ತದೆ." ಅವಳು ಆ ಫೋಟೊವನ್ನು ದೊಡ್ಡದು ಮಾಡಿಸಿ ಮನೆಯಲ್ಲಿ ಹಾಕಿದ್ದಾಳೆ. ಓಲೆ ನಿಜಕ್ಕೂ ಕಾಣುತ್ತದೆ.

ಎದುರು ಬದುರು ಕೂತು ಚಿತ್ರಗಳ ಬಗ್ಗೆ ಮಾತಾಡುವ ಅಭ್ಯಾಸ ಬೇಕು ಅನ್ನುವವರು ಫೋಟೊ ಸಂಘಗಳ ಸಭೆಗೂ ಹೋಗಬಹುದು. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಇದೆ. ಆದರೆ ಬರೆಯುವುದರಲ್ಲಿ ಒಂದು ಅನುಕೂಲ ಇದೆ. ಬರೆಯುವ ಮೊದಲು ಯೋಚಿಸಲು ಒಂದು ತಿಂಗಳು ಸಿಗುತ್ತದೆ.

ಡಬ್ಬಿ ಕಳಿಸುವುದು, ಮಳೆಗಾಲ ದಾಟಿಸುವುದು

ಆದಷ್ಟು ಕೈಯಲ್ಲೇ ಕೊಡಿ. ಯಾರಾದರೂ ಆ ಕಡೆ ಹೋಗುವವರು ಸಿಗುತ್ತಾರೆ. ಸಿಗದಿದ್ದರೆ ಮಾತ್ರ ಪಾರ್ಸೆಲ್. ಒಂದು ಸಲ ಪಾರ್ಸೆಲ್ಲಿನಲ್ಲಿ ಹೋದ ನಮ್ಮ ಲೆನ್ಸಿನ ನುಣುಪು ರಿಂಗ್ ಸಿಕ್ಕಿಹಾಕಿಕೊಂಡು ಬಂತು. ಬರೀ ಬಟ್ಟೆಯಲ್ಲಿ ಸುತ್ತಿದ್ದೆವು. ರಿಪೇರಿ ಹಣ ಅಲ್ಲೇ ಖರ್ಚಾಯಿತು. ಈಗ ದಪ್ಪ ಫೋಮ್‌ನಲ್ಲಿ ಲೆನ್ಸಿನ ಆಕಾರಕ್ಕೆ ಕೊರೆದು ಇಡುತ್ತೇವೆ. ಅಲುಗಾಡಿಸಿದರೆ ಸದ್ದು ಬರಬಾರದು. ಹಿಂದೆ ಮುಂದೆ ಎರಡೂ ಮುಚ್ಚಳ ಹಾಕಿ. ಫೋಕಸನ್ನು ಅನಂತಕ್ಕೆ ತಿರುಗಿಸಿಡಿ, ಆಗ ಲೆನ್ಸ್ ಗಿಡ್ಡವಾಗಿರುತ್ತದೆ.

ಕಳಿಸುವ ಮೊದಲು ಬ್ಲೋವರಿನಿಂದ ಧೂಳು ಊದಿ. ಬೆರಳಚ್ಚು ಇದ್ದರೆ ಮಾತ್ರ ಮೈಕ್ರೋಫೈಬರ್ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಅಂಗಿಯ ಚುಂಗಿನಲ್ಲಿ ಒರೆಸಬೇಡಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ.

ತೇವ ಇದ್ದಲ್ಲಿ ಲೆನ್ಸಿಗೆ ಫಂಗಸ್ ಬರುತ್ತದೆ. ಗಾಳಿಯ ತೇವ ಶೇಕಡಾ 40ರಿಂದ 50ರ ಒಳಗಿದ್ದರೆ ಒಳ್ಳೆಯದು. ಜುಲೈನಲ್ಲಿ ಉಡುಪಿ, ಶಿರಸಿಯ ಮನೆಗಳಲ್ಲಿ ಅದು ಕನಸಿನ ಮಾತು. ಅದಕ್ಕೇ ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಡಬ್ಬಿ ಬಳ್ಳಾರಿ, ಮೈಸೂರು, ಬೆಂಗಳೂರು ಬಿಟ್ಟು ಆಚೆ ಹೋಗುವುದಿಲ್ಲ. ಸರದಿ ಕರಾವಳಿಗೋ ಮಲೆನಾಡಿಗೋ ಬಿದ್ದರೆ ಅದಲುಬದಲು ಮಾಡಿಕೊಳ್ಳುತ್ತೇವೆ. ಆ ನಾಲ್ಕು ತಿಂಗಳು ಅವರಿಬ್ಬರಿಗೂ ನೋಟ್‌ಬುಕ್ ಮಾತ್ರ ಅಂಚೆಯಲ್ಲಿ ಹೋಗುತ್ತದೆ, ಓದಿ ಬರೆಯಲು.

ಚರ್ಮದ ಕೇಸಿನಲ್ಲಿ ಲೆನ್ಸ್ ಇಡಬೇಡಿ. ಚರ್ಮ ತೇವ ಹಿಡಿದಿಡುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಮತ್ತು ಸಿಲಿಕಾ ಜೆಲ್ ಸಾಕು. ಕಿತ್ತಳೆ ಬಣ್ಣದ ಜೆಲ್ ತೇವ ಹೀರಿ ಹಸಿರಾದರೆ, ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಮತ್ತೆ ಕಿತ್ತಳೆಯಾಗುತ್ತದೆ. ಆರಿದ ಮೇಲೆ ಡಬ್ಬಿಗೆ ಹಾಕಿ. ಅಕ್ಕಿಯಲ್ಲಿ ಹೂತಿಡುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಅಕ್ಕಿಯ ಪುಡಿ ರಿಂಗಿನ ಸಂದಿಗೆ ಹೋಗುತ್ತದೆ.

ಎರಡನೇ ಲೆನ್ಸ್ ಯಾವಾಗ?

ಎರಡು ಸುತ್ತು ಮುಗಿಯುವ ತನಕ ಬೇಡ. ಆಮೇಲೆ ಬೇಕೆನಿಸಿದರೆ ಸೂಪರ್ ಟಾಕುಮಾರ್ 50 ಮಿ.ಮೀ. ಎಫ್/1.4 ನೋಡಿ. ಜಪಾನಿನ ಅಸಾಹಿ ಕಂಪನಿಯದು, ಇದೂ ಎಂ42. ಏಳು ಗಾಜಿನ ಮಾದರಿಯಲ್ಲಿ ಥೋರಿಯಂ ಬೆರೆಸಿದ ಗಾಜು ಇದೆ. ವರ್ಷಗಳು ಕಳೆದಂತೆ ಅದು ಚಹಾ ಬಣ್ಣಕ್ಕೆ ತಿರುಗುತ್ತದೆ. ಬಿಸಿಲಿನಲ್ಲಿರುವ ಅಲ್ಟ್ರಾವಯಲೆಟ್ ಕಿರಣ ತಾಗಿದರೆ ಮತ್ತೆ ತಿಳಿಯಾಗುತ್ತದೆ. ನಮಗೆ ಸಿಕ್ಕಿದ್ದು ಚೆನ್ನಾಗಿ ಹಳದಿಯಾಗಿತ್ತು. ಬಳ್ಳಾರಿಯ ಬಿಸಿಲಿಗಿಂತ ಬೇರೆ ಔಷಧ ಬೇಕೇ? ಮೇಷ್ಟ್ರು ಹಿಂಬದಿಗೆ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿ ದಿನಾ ಕೆಲವು ಗಂಟೆ ಬಿಸಿಲಿಗೆ ಇಟ್ಟರು. ಫಾಯಿಲ್ ಮರೆಯಬೇಡಿ. ಇಲ್ಲದಿದ್ದರೆ ಭೂತಗನ್ನಡಿಯ ಹಾಗೆ ಹಿಂದಿರುವುದನ್ನು ಸುಡಬಹುದು. ಕೆಲವು ವಾರಗಳಲ್ಲಿ ಹಳದಿ ಬಹುಪಾಲು ಹೋಯಿತು. ಥೋರಿಯಂ ಸ್ವಲ್ಪ ವಿಕಿರಣ ಬೀರುತ್ತದೆ. ಫೋಟೊ ತೆಗೆಯುವಷ್ಟು ಹೊತ್ತು ಹಿಡಿದುಕೊಂಡರೆ ಭಯಪಡಬೇಕಿಲ್ಲ. ಆದರೆ ತಲೆದಿಂಬಿನ ಹತ್ತಿರ ಇಟ್ಟುಕೊಳ್ಳಬೇಡಿ, ಗಾಜು ಒಡೆದರೆ ಪುಡಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ.

ವರ್ಷಕ್ಕೊಮ್ಮೆ ಒಂದೇ ಮರದ ಕೆಳಗೆ

ವರ್ಷದಲ್ಲಿ ಒಂದು ದಿನ ಎಲ್ಲರೂ ಸೇರಿ. ನಾವು ಲಾಲ್‌ಬಾಗಿನಲ್ಲಿ ಸೇರುತ್ತೇವೆ. ಫಲಪುಷ್ಪ ಪ್ರದರ್ಶನದ ದಿನಗಳನ್ನು ಬಿಟ್ಟು, ವಾರದ ನಡುವೆ, ಬೆಳಿಗ್ಗೆ ಬೇಗ. ಲೆನ್ಸ್ ಒಂದೇ, ಜನ ಐದು. ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ಎಲ್ಲರೂ ಅದೇ ಮರ ತೆಗೆಯಬೇಕು. ಉಳಿದವರು ಪಕ್ಕದಲ್ಲಿ ನಿಂತು ನೋಡಬಹುದು, ಮಾತಾಡುವ ಹಾಗಿಲ್ಲ. ಇನ್ನೊಬ್ಬರು ಹೇಗೆ ನಿಲ್ಲುತ್ತಾರೆ, ಎಷ್ಟು ಹೊತ್ತು ಕಾಯುತ್ತಾರೆ ಅನ್ನುವುದು ನೋಟ್‌ಬುಕ್ಕಿನಲ್ಲಿ ಬರುವುದಿಲ್ಲ. ಮೇಷ್ಟ್ರು ಹೋದ ವರ್ಷ ತಮ್ಮ ಇಪ್ಪತ್ತು ನಿಮಿಷದಲ್ಲಿ ಹದಿನೈದು ನಿಮಿಷ ಕ್ಯಾಮೆರಾ ಎತ್ತಲೇ ಇಲ್ಲ. ಮರದ ಸುತ್ತ ಎರಡು ಸಲ ನಡೆದರು. ಆಮೇಲೆ ಮೂರು ಫೋಟೊ ತೆಗೆದರು.

ಅದೇ ದಿನ ಮುಂದಿನ ವರ್ಷದ ಸರದಿ ಬರೆದುಕೊಳ್ಳಿ. ಯಾರಿಗೆ ಯಾವ ತಿಂಗಳು ಬೇಕು ಅಂತ ಕೇಳಿ. ಅವರವರ ಊರಿನಲ್ಲಿ ಬೆಳಕು ಚೆನ್ನಾಗಿರುವ ಕಾಲ, ಹಬ್ಬ, ಸುಗ್ಗಿ ಅವರಿಗೇ ಗೊತ್ತು.

ನಮ್ಮ ಡಬ್ಬಿ ಈಗ ಶಿರಸಿಯಲ್ಲಿದೆ. ಫೆಬ್ರವರಿ 1ಕ್ಕೆ ನನ್ನ ಕೈಗೆ ಬರಬೇಕು. ಅಡಿಕೆ ಕೊಯ್ಲು ಇನ್ನೂ ಮುಗಿದಿಲ್ಲವಂತೆ, ಅಡಿಕೆ ಗೊನೆ ಇಳಿಸುವ ಕೊನೆಗಾರ ಮರದ ಮೇಲಿರುವಾಗ ಫೋಟೊ ತೆಗೆಯಬೇಕಂತೆ, ಒಂದು ವಾರ ಜಾಸ್ತಿ ಸಿಗುತ್ತದಾ ಅಂತ ಗೆಳೆಯ ಕೇಳಿದ್ದಾನೆ. ಇಟ್ಟುಕೋ ಅಂದಿದ್ದೇನೆ.